ಕಣ್ಣಿಲ್ಲದ ಗೊಂಬೆ, ಒಂಟಿ ಚಕ್ರದ ಗಾಡಿ

ಸತ್ತವರ ಮೇಲೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಅನ್ನಲಿ. ಹಾಗೆ ಅನ್ನುವವರ ಮಡಿಲಿನ ಕೂಸನ್ನು ಯಾರೂ ಎತ್ತಿಕೊಂಡು ಹೋಗಿರುವುದಿಲ್ಲ. ನನ್ನ ವಾರಗಿತ್ತಿ, ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ, ತೀರಿಕೊಂಡು ಎಷ್ಟೋ ವರ್ಷಗಳಾದವು. ಅವಳ ತಿಥಿಯೂಟವನ್ನೂ ಉಂಡು ಬಂದಿದ್ದೇನೆ, ಎರಡನೇ ಸಲ ಪಾಯಸ ಹಾಕಿಸಿಕೊಂಡು. ಆದರೂ ಶಿವಮೊಗ್ಗಕ್ಕೆ ಹೋದಾಗ ಯಾರಾದರೂ ಅವಳಿದ್ದ ಹೊಸಮನೆ ಬಡಾವಣೆಯ ಹೆಸರೆತ್ತಿದರೆ ಸಾಕು, ಇವತ್ತಿಗೂ ನನ್ನ ಹಲ್ಲು ತಾನಾಗಿಯೇ ಕಡಿಯುತ್ತದೆ.

ಊರೆಲ್ಲ ಅವಳನ್ನು ಬಂಗಾರದಂಥ ಹೆಂಗಸು ಅನ್ನುತ್ತಿತ್ತು. ಇರಬಹುದು. ಚಿನ್ನದ ಚೂರಿ ಅಂತ ಯಾರಾದರೂ ಹೊಟ್ಟೆಗೆ ಚುಚ್ಚಿಕೊಳ್ಳುತ್ತಾರೆಯೇ?

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಅದರ ಆಚೆ ಬಟ್ಟೆ ಒಣಗಿಸುವಷ್ಟು ಜಾಗ. ನನ್ನ ಯಜಮಾನರು ಫಿಟ್ಟರ್. ಸೈರನ್ನು ಕೂಗಿದಾಗ ಹೋಗುತ್ತಿದ್ದರು, ಮತ್ತೆ ಕೂಗಿದಾಗ ಬರುತ್ತಿದ್ದರು. ನಡುವೆ ಅವರ ಬಾಯಿಂದ ನಾಲ್ಕು ಮಾತು ಬಂದರೆ ಅದೇ ಹಬ್ಬ. ನಮ್ಮ ಭಾವ ಶಿವಮೊಗ್ಗದಲ್ಲಿ ಶಿರಸ್ತೇದಾರರು. ಮಾವನವರು ತೀರಿಕೊಂಡ ಮೇಲೆ ಇವರನ್ನು ಸಾಕಿ, ಓದಿಸಿ, ಯಾರು ಯಾರನ್ನೋ ಹಿಡಿದು ಕಾರ್ಖಾನೆಗೆ ಸೇರಿಸಿದವರು ಅವರೇ. ಹಾಗಾಗಿ ಅಣ್ಣನ ಎದುರು ಇವರ ನಾಲಿಗೆ ಏಳುತ್ತಿರಲಿಲ್ಲ. ಆ ಮನೆಯಲ್ಲಿ ರೇಡಿಯೋ ಇತ್ತು, ತೂಗುಯ್ಯಾಲೆ ಇತ್ತು, ಕೈಗೊಂದು ಕಾಲಿಗೊಂದು ಆಳಿತ್ತು. ಮಕ್ಕಳು ಮಾತ್ರ ಇರಲಿಲ್ಲ.

ನನ್ನ ಮೂರನೆಯ ಹೆರಿಗೆ ನನ್ನನ್ನು ಸಾವಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಂತು. ತವರು ಹತ್ತಿರದ ಹೊಳೆಹೊನ್ನೂರೇ. ಆದರೆ ತಾಯಿ ಇಲ್ಲದ ತವರಿನಲ್ಲಿ ಬಾಣಂತನ ಮಾಡುವವರು ಯಾರು? ಕೂಸು ಎದೆಯಲ್ಲಿ, ಇನ್ನೂ ನೆಟ್ಟಗೆ ಮಾತು ಬಾರದ ಮಗ ಸೊಂಟದಲ್ಲಿ, ನಾಲ್ಕು ತುಂಬಿದ ಮಗಳು ಸೆರಗು ಹಿಡಿದುಕೊಂಡು ಹಿಂದೆ. ಆಗ ಬಂದಳು ನನ್ನ ವಾರಗಿತ್ತಿ, ಕೈಯಲ್ಲಿ ಬಾಣಂತಿ ಲೇಹದ ಭರಣಿ ಹಿಡಿದು.

"ಈ ಮೂರನ್ನೂ ಕಟ್ಕೊಂಡು ನೀನು ಹೇಗೆ ಸಂಭಾಳಿಸ್ತೀಯ ಮಾರಾಯ್ತಿ? ಮುಖ ನೋಡು, ಹಿಂಡಿ ಹಾಕಿದ ಬಟ್ಟೆ ಹಾಗಾಗಿದೆ. ದೊಡ್ಡದನ್ನ ನಾನು ಕರ್ಕೊಂಡು ಹೋಗ್ತೀನಿ. ಬಾಣಂತನ ಮುಗೀಲಿ, ಕಳಿಸಿಕೊಡ್ತೀನಿ."

ದೇವರೇ ಬಂದ ಹಾಗಾಯಿತು ನನಗೆ. ಕೈ ಮುಗಿದು ಕಳಿಸಿದೆ. ಬಾಣಂತನ ಮುಗಿಯಿತು. ಮಗುವಿಗೆ ನೆಗಡಿ, ಈಗ ಪ್ರಯಾಣ ಬೇಡ ಅಂದಳು. ನೆಗಡಿ ಹೋಯಿತು. ಮಳೆ ಜೋರು, ಕಡಿಮೆಯಾಗಲಿ ಅಂದಳು. ಮಳೆಯೂ ಕಡಿಮೆಯಾಯಿತು. ಇಲ್ಲಿ ಶಿಶುವಿಹಾರಕ್ಕೆ ಹೋಗ್ತಿದ್ದಾಳೆ, ನಡುವೆ ಯಾಕೆ ಬಿಡಿಸೋದು ಅಂದಳು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅನ್ನುವುದು ಸಾಲಕ್ಕೆ ಮಾತ್ರ ಅಂದುಕೊಂಡಿದ್ದೆ, ಕೂಸಿಗೂ ಹೊಂದುತ್ತದೆ ಅಂತ ಆಗ ಗೊತ್ತಾಯಿತು.

ಗೌರಿ ಹಬ್ಬಕ್ಕೆ ಹೊಸಮನೆಗೆ ಹೋದೆವು. ಹಜಾರದ ತುಂಬ ರೇಷ್ಮೆ ಸೀರೆ ಉಟ್ಟ ಮುತ್ತೈದೆಯರು. ನನ್ನ ಮಗಳು ಉಯ್ಯಾಲೆಯ ಮೇಲೆ ಕೂತಿದ್ದಳು. ಲೇಸು ಇಟ್ಟ ಪೇಟೆ ಫ್ರಾಕು, ಎರಡು ಜಡೆ, ಕೆಂಪು ರಿಬ್ಬನ್ನು, ಕೈಯಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ಬಸ್ಸು. ನಾನು ಎದೆಯ ಕೂಸನ್ನು ಯಜಮಾನರ ಕೈಗೆ ಕೊಟ್ಟು "ಪುಟ್ಟೀ" ಅಂತ ಕೈ ಚಾಚಿದೆ. ಅವಳು ಇಳಿದು ಹೋಗಿ ವಾರಗಿತ್ತಿಯ ಸೆರಗಿನ ಹಿಂದೆ ಅಡಗಿದಳು.

"ನಾಚಿಕೆಯೇನಮ್ಮ? ನೋಡು, ಭದ್ರಾವತಿ ಚಿಕ್ಕಮ್ಮ ಬಂದಿದ್ದಾರೆ" ಅಂದಳು ವಾರಗಿತ್ತಿ.

"ಚಿಕ್ಕಮ್ಮ ಬಂದ್ರು" ಅಂದಳು ನನ್ನ ಮಗಳು. ಆಮೇಲೆ ಸೆರಗು ಜಗ್ಗಿ, "ಅಮ್ಮಾ, ನಂಗೆ ಇನ್ನೊಂದು ಕೋಡುಬಳೆ" ಅಂದಳು.

ಅಮ್ಮ ಅವಳು. ಚಿಕ್ಕಮ್ಮ ನಾನು. ಬಂದ ಹೆಂಗಸರಲ್ಲಿ ಒಬ್ಬಳಾದರೂ ಮುಖ ತಿರುಗಿಸಲಿಲ್ಲ, ಎಲ್ಲರೂ ನಗುತ್ತಲೇ ಇದ್ದರು. "ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಮಗು" ಅಂದಳೊಬ್ಬಳು. ಆ ಹೆಂಗಸಿನ ಮೂಗುಬೊಟ್ಟು ಹೇಗಿತ್ತು ಅಂತ ಇವತ್ತಿಗೂ ಹೇಳಬಲ್ಲೆ, ಅಷ್ಟು ಸಿಟ್ಟಿನಿಂದ ಅದನ್ನೇ ನೋಡುತ್ತ ಕೂತಿದ್ದೆ. ಹೊರಡುವಾಗ ವಾರಗಿತ್ತಿ ಅರಿಶಿನ ಕುಂಕುಮ ಕೊಟ್ಟು, ಬಂದ ಅತಿಥಿಗಳಿಗೆಲ್ಲ ಕೊಟ್ಟ ಹಾಗೆಯೇ ನನಗೂ ಒಂದು ಗಿಳಿಹಸಿರು ರವಿಕೆ ಕಣ ಕೊಟ್ಟಳು. ನನ್ನ ಮಗಳನ್ನು ಇಟ್ಟುಕೊಂಡು ನನಗೆ ಕಣ! ಎರಡು ಕೈ ಚಾಚಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಬೇರೇನು ಮಾಡಲಿ?

ರೈಲಿನಲ್ಲಿ ಯಜಮಾನರು ಉರಿಯುವ ಬೆಂಕಿಗೆ ತುಪ್ಪ ಸುರಿದರು.

"ಅಣ್ಣ ಹೇಳ್ತಿದ್ದ, ವಿಜಯದಶಮಿ ದಿನ ಶಾಸ್ತ್ರೋಕ್ತವಾಗಿ ದತ್ತು ತಗೋತಾರಂತೆ."

"ಏನನ್ನ?"

"ಪುಟ್ಟೀನ."

"ನೀವೇನಂದ್ರಿ?"

"ಏನೂ ಅನ್ಲಿಲ್ಲ."

"ಏನೂ ಅನ್ನದಿದ್ರೆ ಹೂಂ ಅಂದ ಹಾಗೇ ಅಲ್ವೇನ್ರೀ?"

ಅವರು ಕಿಟಕಿಯಿಂದ ಹೊರಗೆ ನೋಡಿದರು. "ಅಣ್ಣನಿಗೆ ನಾನು ಹೇಗೆ ಇಲ್ಲ ಅನ್ನಲೇ?" ಅಂದರು. ಅವರಿಗೆ ಅತ್ತ ದರಿ, ಇತ್ತ ಪುಲಿ. ನನಗೆ ಎರಡೂ ಅಲ್ಲ, ನನಗೆ ಒಬ್ಬಳೇ ವೈರಿ. ಅವಳು ಹೊಸಮನೆಯಲ್ಲಿದ್ದಳು. ವಿಜಯದಶಮಿಯ ಒಳಗೆ ನನ್ನ ಮಗಳು ಭದ್ರಾವತಿಗೆ ಬರಬೇಕು, ಅದೂ ಆ ಹೆಂಗಸು ತಾನಾಗಿಯೇ ತಂದು ಬಿಡಬೇಕು, ಬಿಟ್ಟು ಬರಿಗೈಯಲ್ಲಿ ಹೋಗಬೇಕು. ಅದನ್ನು ನಾನು ನಿಂತು ನೋಡಬೇಕು. ಕೂಸಿಗೆ ಹಾಲೂಡುತ್ತ ಆ ರೈಲಿನಲ್ಲೇ ಶಪಥ ಮಾಡಿದೆ.

ಹೋಗಿ ಜಗಳ ತೆಗೆಯಬಹುದಿತ್ತು. ತೆಗೆದರೆ ಅಣ್ಣ ತಮ್ಮಂದಿರ ಮನಸ್ಸು ಮುರಿಯುತ್ತಿತ್ತು, ಉಪಕಾರ ಮರೆತ ನಾಯಿಗಳು ಅನ್ನಿಸಿಕೊಳ್ಳುತ್ತಿದ್ದೆವು, ಮಗು ಅಲ್ಲೇ ಉಳಿಯುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರೆ. ನನಗೆ ಹಾವು ಸಾಯಲೇಬೇಕಿತ್ತು. ಕೋಲು ಯಾರ ಕಣ್ಣಿಗೂ ಬೀಳಬಾರದಿತ್ತು, ಅಷ್ಟೇ.

ನನ್ನ ಮಗಳ ಒಂದು ಗುಣ ಆ ಹೆಂಗಸಿಗೆ ಗೊತ್ತಿರಲಿಲ್ಲ. ಅರೆಬರೆಯಾಗಿದ್ದದ್ದನ್ನು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಒಂದು ಕಿವಿಗೆ ಓಲೆ ಹಾಕಿ ಇನ್ನೊಂದಕ್ಕೆ ಸ್ವಲ್ಪ ತಡ ಮಾಡಿದರೆ ಬೀದಿಗೆ ಕೇಳುವಂತೆ ಅಳುತ್ತಿದ್ದಳು. ಅರ್ಧ ಬಿಡಿಸಿದ ರಂಗೋಲಿಯ ಪಕ್ಕದಿಂದ ಏಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ನಾವಿಬ್ಬರೂ ಕೂತು ಏನೇನೋ ಮಾಡುತ್ತಿದ್ದೆವು, ಬೆಂಕಿಪೊಟ್ಟಣದ ರೈಲು, ಹಳೇ ಸೀರೆಯ ಚಿಂದಿಯಲ್ಲಿ ಗೊಂಬೆ, ಕಾಗದದ ಕುಡಿಕೆ. ಮಾಡಿ ಮುಗಿಸುವ ತನಕ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಪೇಟೆಯ ಬಸ್ಸಿಗೆ ಕೀಲಿ ಕೊಟ್ಟರೆ ಅದು ಓಡುತ್ತದೆ, ಮುಗಿಯಿತು. ಅದರಲ್ಲಿ ಮಾಡುವುದು ಏನೂ ಉಳಿದಿರುವುದಿಲ್ಲ.

ಸರಿ, ಉಳಿಸಿ ಕಳಿಸುತ್ತೇನೆ ಅಂದುಕೊಂಡೆ.

ಮೊದಲು ಗೊಂಬೆ ಹೊಲಿದೆ. ಹಳೇ ಪಂಚೆಯ ಬಟ್ಟೆಯೊಳಗೆ ಹತ್ತಿ ತುಂಬಿ ಮೈ, ಕರಿ ಉಣ್ಣೆಯ ಜಡೆ, ಜಡೆಗೆ ಕುಚ್ಚು. ಲಂಗ ಯಾವುದರಲ್ಲಿ ಅಂತೀರಿ? ಅವಳು ಕೊಟ್ಟ ಗಿಳಿಹಸಿರು ಕಣದಲ್ಲೇ. ಕತ್ತರಿ ಹಾಕುವಾಗ ಆದ ಸುಖ ಏನು ಹೇಳಲಿ! ಮೂಗು ಹೊಲಿದೆ, ಕೆಂಪು ದಾರದಲ್ಲಿ ಬಾಯಿ ಹೊಲಿದೆ. ಕಣ್ಣು ಹೊಲಿಯಲಿಲ್ಲ. ನನ್ನ ಹಳೆಯ ಸರದಿಂದ ಎರಡು ಕರಿಮಣಿ ತೆಗೆದು, ಒಂದು ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆ. ರಜೆಯ ದಿನ ಯಜಮಾನರು ಅಣ್ಣನ ಮನೆಗೆ ಹೊರಟಾಗ ಗೊಂಬೆ ಕೊಟ್ಟು, "ಕಣ್ಣು ಇಲ್ಲೇ ಮನೇಲಿ ಡಬ್ಬಿಯೊಳಗಿದೆ, ಪುಟ್ಟಿ ಬಂದಾಗ ಅವಳ ಕೈಯಲ್ಲೇ ಹಾಕಿಸ್ತೀನಿ ಅಂತ ಹೇಳಿ. ಮರೀಬೇಡಿ" ಅಂದೆ. ಪಾಪ, ಅವರಿಗೆ ಏನೂ ಗೊತ್ತಿಲ್ಲ. ಹಾಗೆಯೇ ಹೇಳಿ ಬಂದರು.

"ಏನಂದಳು?" ಅಂತ ಕೇಳಿದೆ, ಚಪ್ಪಲಿ ಬಿಡುವ ಮುಂಚೆಯೇ.

"ತುಂಬ ಖುಷಿಪಟ್ಟಳು. ಆಮೇಲೆ ಕಣ್ಣು ಎಲ್ಲಿ ಕಣ್ಣು ಎಲ್ಲಿ ಅಂತ ಶುರು ಮಾಡಿದಳು. ಅತ್ತಿಗೆ ಅಣ್ಣನ ಶರ್ಟಿನ ಗುಂಡಿ ಕಿತ್ತು ಹೊಲಿದುಕೊಟ್ಟರು. ಅದನ್ನ ನೋಡಿ ದೆವ್ವ ದೆವ್ವ ಅಂತ ಚೀರಾಡಿದಳು. ಬಿಚ್ಚಿ ಹಾಕಿದ ಮೇಲೆ ಸುಮ್ಮನಾದಳು."

ನಾನು ಒಳಗೆ ಹೋಗಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಭಾವನ ಶರ್ಟಿಗೆ ಗುಂಡಿ ಹೋಯಿತು, ಕಣ್ಣೂ ಬರಲಿಲ್ಲ.

ಎರಡನೆಯದು ಅಡುಗೆ ಸಾಮಾನು. ನಮ್ಮ ಹೊಳೆಹೊನ್ನೂರಿನ ಮನೆಯಲ್ಲಿ ಹಳೆಯ ಮೊರ, ಬುಟ್ಟಿಗಳ ಸಂದು ಮುಚ್ಚಲು ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಮೆತ್ತುತ್ತಿದ್ದರು. ಒಣಗಿದರೆ ಕಲ್ಲಾಗುತ್ತದೆ, ಮೆಂತ್ಯದ ಕಹಿಗೆ ಹುಳ ಹತ್ತಿರ ಬರುವುದಿಲ್ಲ. ಪಕ್ಕದ ಮನೆಯ ತಮಿಳು ಅಕ್ಕನ ಗಂಡ ಕಾಗದದ ಕಾರ್ಖಾನೆಯವನು. ಅವನು ತರುತ್ತಿದ್ದ ಚೂರು ಕಾಗದವನ್ನು ಆಕೆಯಿಂದ ಇಸಕೊಂಡು, ನೆನೆಹಾಕಿ, ಒರಳಲ್ಲಿ ರುಬ್ಬಿದೆ. ಮಗ ಬಂದು ಒರಳೊಳಗೆ ಕೈ ಹಾಕುತ್ತಿದ್ದ, ಒಂದು ಮುದ್ದೆ ಕೊಟ್ಟು ಕೂರಿಸುತ್ತಿದ್ದೆ. ಅವನು ಅದನ್ನು ಅರ್ಧ ತಿಂದು ಅರ್ಧ ತಂಗಿಯ ತೊಟ್ಟಿಲಿಗೆ ಮೆತ್ತುತ್ತಿದ್ದ. ಕೂಸು ಅತ್ತರೆ ಕಾಲಲ್ಲಿ ತೊಟ್ಟಿಲಿನ ಹಗ್ಗ ಎಳೆಯುತ್ತ, ಕೈಯಲ್ಲಿ ಪುಟ್ಟ ಪುಟ್ಟ ಚೆಂಬು, ತಪ್ಪಲೆ, ಕುಡಿಕೆ, ಅನ್ನ ಮಾಡುವ ಕೊಳದಪ್ಪಲೆ ತಿದ್ದುತ್ತ ಕೂರುತ್ತಿದ್ದೆ. ಭಾದ್ರಪದದ ಬಿಸಿಲು ನಂಬುವ ಹಾಗಿಲ್ಲ. ಬಚ್ಚಲ ಹಂಡೆಯ ಒಲೆ ಆರಿದ ಮೇಲೆ ಬೆಚ್ಚಗಿನ ಕಟ್ಟೆಯ ಮೇಲೆ ಇಟ್ಟು ಒಣಗಿಸುತ್ತಿದ್ದೆ. ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಗೆರೆ ಎಳೆದೆ. ಎಲ್ಲದಕ್ಕೂ ಮುಚ್ಚಳ ಮಾಡಿದೆ. ಮುಚ್ಚಳಗಳನ್ನೆಲ್ಲ ನನ್ನ ಹತ್ತಿರವೇ ಇಟ್ಟುಕೊಂಡೆ.

"ಮುಚ್ಚಳ ಇನ್ನೂ ಒಣಗಿಲ್ಲ, ಮನೇಲಿದೆ ಅಂತ ಹೇಳಿ" ಅಂದೆ.

ಯಜಮಾನರು ನನ್ನ ಮುಖ ನೋಡಿ, ಸಾಮಾನಿನ ಗಂಟು ಎತ್ತಿಕೊಂಡು ಹೊರಟರು.

ಆ ಸಲ ಬಂದ ಸುದ್ದಿ ಇನ್ನೂ ಸೊಗಸಾಗಿತ್ತು. ಮಗಳು ಮುಚ್ಚಳ ಇಲ್ಲದೆ ಅನ್ನ ಬೇಯುವುದಿಲ್ಲ ಅಂತ ಹಟ ಹಿಡಿದಳಂತೆ. ವಾರಗಿತ್ತಿ ಪೇಟೆಗೆ ಆಳು ಕಳಿಸಿ, ಚನ್ನಪಟ್ಟಣದ ಬಣ್ಣದ ಅಡುಗೆ ಸಾಮಾನು ಒಂದು ಪೆಟ್ಟಿಗೆಯಷ್ಟು ತರಿಸಿಕೊಟ್ಟಳಂತೆ. ಮಗಳು ಆ ಮುಚ್ಚಳಗಳನ್ನೆಲ್ಲ ಒಂದೊಂದಾಗಿ ನನ್ನ ಕುಡಿಕೆಗಳ ಮೇಲೆ ಇಟ್ಟು ನೋಡಿ, ಯಾವುದೂ ಕೂರದೆ, ಪೆಟ್ಟಿಗೆಯನ್ನು ಆಚೆ ತಳ್ಳಿ ಊಟ ಬಿಟ್ಟು ಮಲಗಿದಳಂತೆ. ಕೇಳಿ ನನಗೆ ಕರುಳು ಚುರುಕ್ಕೆಂದಿತು. ಹೌದು, ನನ್ನ ಮಗಳೇ ಅಲ್ಲವೇ ಹಸಿದು ಮಲಗಿದವಳು? ಆದರೆ ಅವಳ ಪಕ್ಕದಲ್ಲಿ ಅನ್ನದ ತಟ್ಟೆ ಹಿಡಿದು ಬೇಡುತ್ತ ಕೂತಿದ್ದ ಇನ್ನೊಬ್ಬಳನ್ನು ನೆನೆಸಿಕೊಂಡೆ. ಚುರುಕು ತಣ್ಣಗಾಯಿತು.

ಮೂರನೆಯದು ಗಾಡಿ. ಅದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ. ಬಿದಿರಿನ ಕಡ್ಡಿಗಳನ್ನು ದಾರದಲ್ಲಿ ಬಿಗಿದು ತೊಟ್ಟಿ ಕಟ್ಟಿದೆ, ಮೇಲೆ ಕಮಾನು, ಕಮಾನಿಗೆ ಚಿಂದಿ ಬಟ್ಟೆಯ ಹೊದಿಕೆ. ಚಕ್ರಕ್ಕೆ ಕಾಗದದ ಮುದ್ದೆಯನ್ನು ಡಬ್ಬಿಯ ಮುಚ್ಚಳದೊಳಗೆ ಒತ್ತಿ ಒಣಗಿಸಿದರೆ ಅಚ್ಚುಕಟ್ಟಾಗಿ ದುಂಡಗೆ ಬರುತ್ತದೆ. ಕಾಡಿಗೆಯಲ್ಲಿ ಅರ ಬರೆದೆ. ಎರಡು ಚಕ್ರ ಸೇರಿಸುವ ಅಚ್ಚಿಗೆ ಒಂದು ತೆಳು ಸರಳು ಬೇಕಿತ್ತು. ನಾನು ಕೇಳಿರಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ಕಿಟಕಿಯ ಮೇಲೆ ಅಳತೆಗೆ ಸರಿಯಾಗಿ ಕತ್ತರಿಸಿ, ತುದಿ ಉಜ್ಜಿ ನುಣ್ಣಗೆ ಮಾಡಿದ ಸರಳು ಇತ್ತು. ಯಜಮಾನರು ಆಗಲೇ ಶಿಫ್ಟಿಗೆ ಹೋಗಿ ಆಗಿತ್ತು. ಅವರಿಗೂ ಗೊತ್ತಾಗಿತ್ತು, ಅವರೂ ನನ್ನ ಕಡೆಯೇ. ಆ ಸರಳನ್ನು ಕೈಯಲ್ಲಿ ಹಿಡಿದು ಆ ದಿನವೆಲ್ಲ ನನಗೆ ಆನೆಬಲ ಬಂದಂತಿತ್ತು.

ಒಂದೇ ಚಕ್ರ ಸೇರಿಸಿ, ಇನ್ನೊಂದನ್ನು ಬೇರೊಂದು ಡಬ್ಬಿಯಲ್ಲಿ ತೆಗೆದಿಟ್ಟು, ಗಾಡಿಯನ್ನು ಬುಟ್ಟಿಗೆ ಇಡುವಾಗ ತಮಿಳು ಅಕ್ಕ ಬಂದರು.

"ಅಯ್ಯೋ, ಏನಮ್ಮಾ ಇದು, ಗಾಡಿಗೆ ಒಂದೇ ಚಕ್ರ? ಇನ್ನೊಂದು ಮರೆತುಬಿಟ್ಟ್ಯಾ?"

"ಮರೆತಿಲ್ಲ ಅಕ್ಕ. ಈ ಗಾಡಿ ಒಂದೇ ಚಕ್ರದಲ್ಲಿ ಶಿವಮೊಗ್ಗದಿಂದ ಇಲ್ಲಿಗೆ ಬರ್ತದೆ, ನೋಡ್ತಿರಿ."

ಆಕೆಗೆ ಅರ್ಥವಾಗಲಿಲ್ಲ. ಹುಚ್ಚಿ ಅಂದುಕೊಂಡಿರಬೇಕು. ಚೂರು ಕಾಗದ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗಾಡಿ ಕೊಟ್ಟ ಮೂರ್ನಾಲ್ಕು ದಿನಕ್ಕೆ ಯಜಮಾನರು ಮತ್ತೆ ಹೋಗಿ ತಂದ ಸುದ್ದಿ ಕೇಳಿ ನಾನು ನಕ್ಕ ನಗು ಈಗಲೂ ಕಿವಿಯಲ್ಲಿದೆ. ವಾರಗಿತ್ತಿ ತಾನೇ ಚಕ್ರ ಮಾಡಲು ಹೊರಟಿದ್ದಾಳೆ! ಭಾವನ ಕಚೇರಿಯ ಹಳೇ ಕಾಗದಗಳನ್ನು ಬಕೀಟಿನಲ್ಲಿ ನೆನೆಹಾಕಿದ್ದಾಳೆ. ಒರಳ ಮುಂದೆ ಎಂದೂ ಕೂರದವಳು ಕೂತಿದ್ದಾಳೆ, ಆಳು ಬಂದರೆ ಬೇಡ ನಾನೇ ಮಾಡ್ತೀನಿ ಅನ್ನುತ್ತಿದ್ದಾಳೆ. ಮೆಂತ್ಯ ಹಾಕಬೇಕು ಅಂತ ಗೊತ್ತಿಲ್ಲ, ಅಕ್ಕಿಗಂಜಿ ಹಾಕಿದಳಂತೆ. ಒಣಗುವ ಮುಂಚೆಯೇ ಬೂಷ್ಟು ಬಂತಂತೆ, ಇನ್ನೊಂದು ಬಿರುಕು ಬಿಟ್ಟಿತಂತೆ.

"ಎಸೆದುಬಿಟ್ಟರು ಪಾಪ" ಅಂದರು ಯಜಮಾನರು.

"ಪಾಪವಂತೆ ಪಾಪ! ಹಿತ್ತಲ ಗಿಡ ಮದ್ದಲ್ಲ ಅಂತ ಮೂಗು ಮುರೀತಿದ್ದರಲ್ಲ, ಈಗ ರುಬ್ಬಲಿ. ಚೆನ್ನಾಗಿ ರುಬ್ಬಲಿ" ಅಂದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮಹಾಲಯ ಅಮಾವಾಸ್ಯೆ ಇನ್ನೂ ಮುಂದಿತ್ತು, ಆಗಲೇ ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಜಟಕಾ ನಿಂತಿತು. ವಾರಗಿತ್ತಿ ಇಳಿದಳು. ಹೆಗಲ ಮೇಲೆ ನನ್ನ ಮಗಳು ನಿದ್ದೆ ಹೋಗಿದ್ದಳು, ಇನ್ನೊಂದು ಕೈಯಲ್ಲಿ ನಾನು ಕಳಿಸಿದ್ದ ಆಟದ ಸಾಮಾನೆಲ್ಲ ತುಂಬಿದ ಬಟ್ಟೆಚೀಲ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತು ಅಂತ ನಾನು ಕೇಳಲಿಲ್ಲ.

"ನಿನ್ನ ಮಗಳು ರಾತ್ರಿ ಹಗಲು ಪ್ರಾಣ ತಿಂತಾಳೆ ಮಾರಾಯ್ತಿ. ಆ ಹಾಳು ಕಣ್ಣು, ಮುಚ್ಚಳ ಏನಿದೆಯೋ ಎಲ್ಲ ಹಾಕಿಕೊಡು. ಸಾಯಂಕಾಲದ ರೈಲಿಗೆ ಕರ್ಕೊಂಡು ಹೋಗ್ತೀನಿ."

ನಿನ್ನ ಮಗಳು ಅಂದಳು. ಬಾಯಿತಪ್ಪಿ ಅಂದಳೋ, ಬೇಸತ್ತು ಅಂದಳೋ, ನನಗೆ ಬೇಕಿರಲಿಲ್ಲ. ಅಂದಳಲ್ಲ!

"ಬನ್ನಿ ಅಕ್ಕ, ಕೂತ್ಕೊಳ್ಳಿ, ಕಾಫಿ ಮಾಡ್ತೀನಿ" ಅಂದೆ, ಜೇನು ಸುರಿಯುವ ದನಿಯಲ್ಲಿ. ಕಾಫಿಗೆ ನೀರಿಟ್ಟು, ಹಿಂದೆ ಹೋದೆ. ಮುಚ್ಚಳಗಳು ಒಣಗಿ ಕಟಕಟ ಅನ್ನುತ್ತಿದ್ದವು. ಎಲ್ಲವನ್ನೂ ಒಂದು ಸಲ ಬಚ್ಚಲ ನೀರಿನಲ್ಲಿ ಅದ್ದಿ ತೆಗೆದು ಕಟ್ಟೆಯ ಮೇಲೆ ಹರವಿಟ್ಟೆ.

ಮಗಳು ಎದ್ದಳು. ಮೊದಲು ಮುದುಡಿ ಕೂತಳು. ಡಬ್ಬಿ ತಂದು ಅವಳ ಮುಂದೆ ಅಲ್ಲಾಡಿಸಿದೆ. ಒಳಗೆ ಕರಿಮಣಿ ಸದ್ದಾಯಿತು. ಮೆಲ್ಲಗೆ ಹತ್ತಿರ ಬಂದಳು, ಆಮೇಲೆ ಇನ್ನೂ ಹತ್ತಿರ, ಕೊನೆಗೆ ನನ್ನ ತೊಡೆಗೆ ಒರಗಿ ಕೂತಳು. ಎಷ್ಟು ತಿಂಗಳ ಮೇಲೆ ಆ ಭಾರ! ಸೂಜಿ ಹಿಡಿದ ಅವಳ ಕೈಯನ್ನು ನನ್ನ ಕೈಯೊಳಗೆ ಹಿಡಿದು ಒಂದು ಕಣ್ಣು ಹೊಲಿಸಿದೆ, ನಿಧಾನವಾಗಿ. ಊಟವಾದ ಮೇಲೆ ಇನ್ನೊಂದು ಕಣ್ಣು, ಇನ್ನೂ ನಿಧಾನವಾಗಿ. ಗೊಂಬೆ ನೋಡಿತು. ಮಗಳು ಚಪ್ಪಾಳೆ ತಟ್ಟಿ ನಕ್ಕಳು. ವಾರಗಿತ್ತಿ ಗೋಡೆಗೆ ಒರಗಿ, ಆ ನಗುವನ್ನೇ ನೋಡುತ್ತಿದ್ದಳು. ನೋಡು, ಚೆನ್ನಾಗಿ ನೋಡು ಅಂದುಕೊಂಡೆ.

ಆಮೇಲೆ ಮಗಳನ್ನು ಹಿಂದೆ ಕರೆದುಕೊಂಡು ಹೋಗಿ ಮುಚ್ಚಳಗಳನ್ನು ತೋರಿಸಿದೆ. "ಇನ್ನೂ ಹಸಿ ಇದೆಯಲ್ಲ ಪುಟ್ಟಿ, ಏನು ಮಾಡೋಣ?" ಅಂದೆ. ಅವಳು ಅಲ್ಲೇ ಕಟ್ಟೆಯ ಪಕ್ಕ ಚಕ್ಕಳಮಕ್ಕಳ ಹಾಕಿ 'ಒಣಗಲಿ' ಅಂತ ಕೂತುಬಿಟ್ಟಳು. ತಮ್ಮನೂ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಸೇರಿ ಮುಚ್ಚಳಗಳಿಗೆ ಉಫ್ ಉಫ್ ಅಂತ ಊದತೊಡಗಿದರು.

ರೈಲಿನ ಹೊತ್ತಾಯಿತು. ವಾರಗಿತ್ತಿ ಹಿಂಬಾಗಿಲಲ್ಲಿ ನಿಂತು ಕರೆದಳು. "ಹೋಗೋಣವಾ ಪುಟ್ಟಿ?"

"ಒಣಗಿಲ್ಲ" ಅಂದಳು ಮಗಳು, ತಿರುಗಿಯೂ ನೋಡದೆ.

ಇನ್ನೊಂದು ಸಲ ಕರೆದಳು. ಇನ್ನೊಂದು ಸಲ ಅದೇ ಉತ್ತರ. ಆಗ ಅವಳು ಬಂದು, ಬಗ್ಗಿ, ಒಂದು ಮುಚ್ಚಳ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮೇಲೆ ಒದ್ದೆ, ಒಳಗೆ ಕಲ್ಲು. ನನ್ನ ಕಡೆ ನೋಡಿದಳು.

"ಒಣಗಿದ್ದನ್ನ ಮತ್ತೆ ಒದ್ದೆ ಮಾಡಿದ್ದೀಯ. ಈಗ ನನಗೂ ಗೊತ್ತಾಗುತ್ತೆ ಕಣೇ ಇದೆಲ್ಲ" ಅಂದಳು, ಮಗುವಿಗೆ ಕೇಳದ ಹಾಗೆ.

"ಗೊತ್ತಾಗಲಿ ಅಂತಲೇ ಅಕ್ಕ" ಅಂದೆ.

ಅವಳು ಮುಚ್ಚಳವನ್ನು ಇದ್ದ ಜಾಗದಲ್ಲೇ ಇಟ್ಟಳು. ಮುಂಬಾಗಿಲಿಗೆ ಬಂದ ಮೇಲೆ ಹೇಳಿದಳು, "ದತ್ತು ಬೇಡ ಅಂತ ನಿಮ್ಮ ಭಾವನಿಗೆ ನಾನೇ ಹೇಳ್ತೀನಿ. ನನಗೇ ಮನಸ್ಸಿಲ್ಲ ಅಂತ ಹೇಳ್ತೀನಿ. ನಿನ್ನ ಗಂಡನ ಮೇಲೆ ಮಾತು ಬರಲ್ಲ. ಮಗು ಅಳೋದು ನನ್ನ ಕೈಲಿ ನೋಡಕ್ಕಾಗಲ್ಲ."

ಇದೇ ಮಾತಿಗೆ ನಾನು ಆ ಭಾದ್ರಪದವೆಲ್ಲ ಕಾದದ್ದು. ಗೆದ್ದೆ ಅನ್ನಿಸಿತು, ಕುಣಿಯಬೇಕು ಅನ್ನಿಸಿತು. ಅಯ್ಯೋ ಅನ್ನಿಸಬೇಕಿತ್ತು ಅಂತ ನೀವು ಅನ್ನುತ್ತೀರಿ. ಅನ್ನಿಸಲಿಲ್ಲ. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದೆ. ನನ್ನ ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಒಳ್ಳೆಯ ರವಿಕೆ ಕಣ, ತವರಿನದು, ಅಂಚಿಗೆ ಜರಿಯಿದ್ದದ್ದು, ಅದನ್ನು ವೀಳ್ಯದೆಲೆ ಅಡಿಕೆಯ ಜೊತೆ ಅವಳ ಕೈಗೆ ಇಟ್ಟೆ.

"ಭದ್ರಾವತಿ ಚಿಕ್ಕಮ್ಮ ಕೊಟ್ಟಿದ್ದು ಅಂತ ಇಟ್ಕೊಳ್ಳಿ."

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು. ತುಸು ಹೆಚ್ಚು ಹೊತ್ತೇ ಒತ್ತಿಕೊಂಡಳು. ಮಗುವಿಗೆ ಹೇಳಿದರೆ ರಂಪವಾಗುತ್ತದೆ ಅಂತ, ಹೇಳದೆ ಹೊರಟಳು. ಶಿಫ್ಟು ಮುಗಿಸಿ ಬಂದ ಯಜಮಾನರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಅತ್ತಿಗೆಯ ಹಿಂದೆ ಸ್ಟೇಷನ್ನಿನವರೆಗೆ ನಡೆದರು. ಆ ಕಣವೊಂದನ್ನು ಬಿಟ್ಟರೆ ಅವಳ ಎರಡೂ ಕೈ ಖಾಲಿ ಇದ್ದದ್ದನ್ನು ನಾನು ರಸ್ತೆಯ ತಿರುವಿನವರೆಗೂ ನಿಂತು ನೋಡಿದೆ.

ಒಳಗೆ ಬಂದು ಹಂಡೆಯ ಒಲೆಗೆ ಸೌದೆ ಒಟ್ಟಿದೆ, ಮಕ್ಕಳಿಗೆ ನೀರು ಹಾಕಬೇಕಿತ್ತು. ಕಟ್ಟೆಯ ಕಾವಿಗೆ ಮುಚ್ಚಳಗಳು ಒಣಗಿದವು. ಮಗಳು ಒಂದೊಂದನ್ನೂ ಅದರದರ ಕುಡಿಕೆಯ ಮೇಲೆ ಇಟ್ಟಳು, ಎಲ್ಲವೂ ಸರಿಯಾಗಿ ಕೂತವು. ಇನ್ನು ಗಾಡಿ. ಆ ಚಕ್ರವನ್ನು ಕೊನೆಗೆ ಅಂತಲೇ ಇಟ್ಟಿದ್ದೆ. ಡಬ್ಬಿಯಿಂದ ಅದನ್ನು ತೆಗೆದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಚೀಲದೊಳಗಿನ ಗಾಡಿಯನ್ನು ಹೊರಗೆ ಎಳೆದೆ.

ಗಾಡಿಗೆ ಎರಡು ಚಕ್ರವಿತ್ತು.

ಒಂದು ನನ್ನದು. ಇನ್ನೊಂದು ಅಂಕುಡೊಂಕು, ತಟ್ಟುವಾಗ ಮುರಿದ ರೊಟ್ಟಿಯ ಹಾಗೆ. ನಡುವಿನ ತೂತು ದೊಡ್ಡದಾಗಿ, ಅದು ಅಲ್ಲಾಡದಿರಲಿ ಅಂತ ದಾರ ಸುತ್ತಿತ್ತು. ಕಚೇರಿಯ ಕಾಗದದ ನೀಲಿ ಶಾಯಿ ಅಲ್ಲಲ್ಲಿ ಹಾಗೆಯೇ ಉಳಿದಿತ್ತು. ಅಂಚಿನ ಉದ್ದಕ್ಕೂ ಬೆರಳ ಗುರುತುಗಳು ಕೂತಿದ್ದವು, ದಪ್ಪ ಬೆರಳು, ಒತ್ತಿ ಒತ್ತಿ ದುಂಡಗೆ ಮಾಡಲು ನೋಡಿ ಸೋತ ಬೆರಳು. ಮೂಸಿ ನೋಡಿದೆ. ಮೆಂತ್ಯ ಹಾಕಿದ್ದಳು. ಯಾರನ್ನು ಕೇಳಿ ತಿಳಿದುಕೊಂಡಳೋ.

ಬಂತು ನನಗೆ ರೋಷ. ನನ್ನ ಗಾಡಿಗೆ ಇವಳ ಚಕ್ರವೇ! ದಾರಕ್ಕೆ ಬೆರಳು ಹಾಕಿ ಕೀಳಲು ಹೋದೆ.

"ಬೇಡ!" ಮಗಳು ಓಡಿ ಬಂದು ಗಾಡಿಯನ್ನು ಕಸಿದುಕೊಂಡಳು. "ಮುಟ್ಬೇಡಿ ಚಿಕ್ಕಮ್ಮ. ಅದು ಅಮ್ಮ ಮಾಡಿದ್ದು. ಅಮ್ಮಂಗೆ ಬೆರಳು ಕುಯ್ದು ರಕ್ತ ಬಂತು."

"ನೋಡು ಪುಟ್ಟಿ, ಇಲ್ಲಿ ನೋಡು, ಇದು ಚೆನ್ನಾಗಿದೆ. ದುಂಡಗಿದೆ. ಇದನ್ನ ಹಾಕೋಣ, ಆಗ ಗಾಡಿ ನೆಟ್ಟಗೆ ಓಡುತ್ತೆ" ಅಂದೆ.

ಅವಳು ನನ್ನ ಕೈಯಲ್ಲಿದ್ದ ಚಕ್ರವನ್ನು ನೋಡಿದಳು. ತಲೆಯಾಡಿಸಿದಳು. ಗಾಡಿಯನ್ನು ನೆಲದ ಮೇಲೆ ಇಟ್ಟು, ಮುಂದೆ ಕಟ್ಟಿದ್ದ ದಾರ ಹಿಡಿದು ಎಳೆದುಕೊಂಡು ಹೊರಟಳು. ಗಾಡಿ ಒಂದು ಕಡೆಗೆ ವಾಲುತ್ತ, ಕುಂಟುತ್ತ, ಅಡುಗೆಮನೆಯ ಹೊಸ್ತಿಲವರೆಗೆ ಹೋಯಿತು. ನಾನು ನನ್ನ ಚಕ್ರವನ್ನು ಹಂಡೆಯ ಒಲೆಗೆ ಹಾಕಿದೆ. ಒಣಗಿದ ಕಾಗದ, ಬೇಗ ಹತ್ತಿಕೊಂಡಿತು. ಮೆಂತ್ಯ ಸೀದ ವಾಸನೆ ಬಚ್ಚಲ ತುಂಬ ಹರಡಿತು.

ಹೊಸ್ತಿಲ ಹತ್ತಿರ ನಿಂತು ಮಗಳು ಸುತ್ತ ನೋಡಿದಳು. ಹೊರಗಿನ ಕೋಣೆಗೆ ಹೋಗಿ ಬಾಗಿಲಾಚೆ ಇಣುಕಿ ಬಂದಳು.

"ಚಿಕ್ಕಮ್ಮ, ಅಮ್ಮ ಯಾವಾಗ ಬರ್ತಾರೆ?"

"ಬರಲ್ಲ" ಅಂದೆ.